ನ್ಯೂಜೆರ್ಸಿಗೆ ಹೊರಟ ತಮ್ಮನಿಗೆ, ಡ್ರೈವ್‌ವೇ ಬಗ್ಗೆ

ತಮ್ಮಾ, ‘ಡ್ರೈವ್‌ವೇ ಹಿಮ ತೆಗೆಯುವುದು ಬಾಡಿಗೆದಾರರ ಕೆಲಸ’ ಅಂತ ಮನೆ ಕರಾರಿನಲ್ಲಿ ಬರೆದಿದೆ, ಹಾಗಂದ್ರೆ ಏನಕ್ಕಾ ಅಂತ ಕೇಳಿದ್ದೀಯ. ಗಾಡಿ ನಿಲ್ಲಿಸುವ ಜಾಗಕ್ಕೆ ಓಡಿಸುವ ದಾರಿ ಅಂತ ಯಾಕೆ ಹೆಸರು ಅನ್ನುವುದು ನಿನ್ನ ಎರಡನೇ ಪ್ರಶ್ನೆ. ನಾನೂ ಮುಂಬೈ ಪಕ್ಕದ ಡೊಂಬಿವಲಿಯಿಂದಲೇ ಅಲ್ಲಿಗೆ ಹೋದವಳು, 19 ವರ್ಷ ಆಯಿತು. ಈಗ ರಜೆಗೆ ಅಮ್ಮನ ಮನೆಗೆ ಬಂದಿದ್ದೇನೆ. ಗ್ಯಾಲರಿಯಲ್ಲಿ ಕೂತು ಸೊಸೈಟಿ ಕಂಪೌಂಡ್ ನೋಡುತ್ತಾ ಬರೆಯುತ್ತಿದ್ದೇನೆ.

ಇಲ್ಲಿ ಒಬ್ಬರ ಕಾರು ಹೊರಗೆ ತೆಗೆಯಲು ಮೂರು ಮನೆಯವರನ್ನು ಕೂಗಬೇಕು, ಅಲ್ವಾ? ಅಲ್ಲಿ ರಸ್ತೆಯಿಂದ ಗ್ಯಾರೇಜಿನವರೆಗೆ ಮನೆಗೊಂದು ಸ್ವಂತ ದಾರಿ. ಅದೇ ಡ್ರೈವ್‌ವೇ.

ಹೆಸರು ಕುದುರೆ ಗಾಡಿ ಕಾಲದ್ದು. ಇಂಗ್ಲೆಂಡಿನ ಜಮೀನ್ದಾರರ ಮನೆಗಳು ರಸ್ತೆಯಿಂದ ಬಹಳ ಒಳಗೆ. ಗೇಟು ದಾಟಿದ ಮೇಲೂ ಗಾಡಿ ಓಡಿಸಿಕೊಂಡೇ ಹೋಗಬೇಕಿತ್ತು. ಮನೆ ಮೊದಲು ಕಣ್ಣಿಗೆ ಬೀಳುವುದು ಚೆಂದದ ಕಡೆಯಿಂದಲೇ ಆಗಬೇಕು ಅಂತ ಹಂಫ್ರಿ ರೆಪ್ಟನ್‌ನಂಥ ಉದ್ಯಾನ ವಿನ್ಯಾಸಕರು 18ನೇ ಶತಮಾನದ ಕೊನೆಗೆ ಈ ದಾರಿಗಳನ್ನು ಯೋಚಿಸಿ ತಿರುಗಿಸುತ್ತಿದ್ದರು. ಆಮೇಲೆ ಕಾರು ಬಂತು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದ ಮೇಲಂತೂ ಸಾಮಾನ್ಯರ ಮನೆಗೂ ಬಂತು. ಸೈಟು ಚಿಕ್ಕದಾಯಿತು, ದಾರಿ ಮೋಟಾಯಿತು, ಹೆಸರು ಮಾತ್ರ ಉಳಿಯಿತು. ಹಳೇ ಬಡಾವಣೆಗಳಲ್ಲಿ ನೋಡು, ಚಕ್ರಕ್ಕೆ ಬೇಕಾದಷ್ಟೇ ಎರಡು ಕಾಂಕ್ರೀಟ್ ಪಟ್ಟಿ, ನಡುವೆ ಹುಲ್ಲು. ನನಗೆ ಅದೇ ಇಷ್ಟ.

ನೀನು ಅಲ್ಲಿ ಓಡಾಡುವ ಹೆದ್ದಾರಿ, ಗಾರ್ಡನ್ ಸ್ಟೇಟ್ ಪಾರ್ಕ್‌ವೇ, ಅದರ ಹೆಸರಲ್ಲೂ ಪಾರ್ಕ್ ಅಂದ್ರೆ ಗಾಡಿ ನಿಲ್ಲಿಸುವುದಲ್ಲ, ಉದ್ಯಾನ. 1870ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಉದ್ಯಾನ ವಿನ್ಯಾಸಕರು ಮರಗಳ ಸಾಲಿನ ರಸ್ತೆಗಳಿಗೆ ಕೊಟ್ಟ ಹೆಸರು ಅದು.

ಇನ್ನು ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿನ್ನ ಮಗಳಿಗೆ ಈಗ ಎರಡು ವರ್ಷ. ಡ್ರೈವ್‌ವೇ ಮನೆಯ ಅಂಗಳದ ಹಾಗೇ ಕಾಣುತ್ತದೆ, ಮಕ್ಕಳು ಅಲ್ಲೇ ಸೈಕಲ್ ಹೊಡೆಯುತ್ತಾರೆ. ಕಾರು ಹಿಂದಕ್ಕೆ ತೆಗೆಯುವಾಗ ಸ್ವಂತ ಮನೆಯವರ ಕೈಯಿಂದಲೇ ಎಷ್ಟೋ ಮಕ್ಕಳ ಜೀವ ಹೋಗಿದೆ. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಒಬ್ಬ ತಂದೆ ತನ್ನ ಎರಡು ವರ್ಷದ ಮಗನನ್ನು ಹೀಗೇ ಕಳೆದುಕೊಂಡರು. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಕಾಯ್ದೆ ಬಂತು. ಅದರಿಂದಾಗಿಯೇ 2018ರ ಮೇ ತಿಂಗಳಿಂದ ಅಮೆರಿಕದ ಹೊಸ ಕಾರುಗಳಿಗೆ ಹಿಂದಿನ ಕ್ಯಾಮೆರಾ ಕಡ್ಡಾಯ. ಆದರೂ ಕ್ಯಾಮೆರಾ ಇದೆ ಅಂತ ಸುಮ್ನೆ ಕೂರಬೇಡ. ಇಳಿದು ಕಾರಿನ ಸುತ್ತ ಒಂದು ಸಲ ಬಾ. ಮಗು ಯಾರ ಕೈಯಲ್ಲಿದೆ ನೋಡಿಯೇ ಗಾಡಿ ತೆಗಿ.

ಹಿಮದ ವಿಷಯಕ್ಕೆ ಬಂದರೆ, ಬಿದ್ದ ಹಾಗೇ ಎರಡು ಮೂರು ಸಲ ತೆಗೆ, ಒಮ್ಮೆಗೇ ಅಂದ್ರೆ ಸೊಂಟ ಹೋಗುತ್ತದೆ. ತೆಗೆದದ್ದನ್ನು ರಸ್ತೆಗೆ ಹಾಕಬೇಡ. ನೀನು ಮುಗಿಸಿ ಒಳಗೆ ಬಂದ ಮೇಲೆ ರಸ್ತೆಯ ಹಿಮ ತಳ್ಳುವ ಗಾಡಿ ಬಂದು ಡ್ರೈವ್‌ವೇ ಬಾಯಿಗೇ ಮತ್ತೆ ಹಿಮದ ಗುಡ್ಡೆ ಒಟ್ಟುತ್ತದೆ. ಮೊದಲ ಚಳಿಗಾಲದಲ್ಲಿ ಆ ಗುಡ್ಡೆ ನೋಡಿ ನನಗೆ ಅಳು ಬಂದಿತ್ತು. ಮೂರು ತಿಂಗಳಿಂದ ಮುಖ ಮಾತ್ರ ಗೊತ್ತಿದ್ದ ಪಕ್ಕದ ಮನೆಯ ಅಜ್ಜ ತಮ್ಮ ಸಲಿಕೆ ತಂದು ಇನ್ನೊಂದು ಕಡೆಯಿಂದ ಅಗೆಯಲು ಶುರು ಮಾಡಿದರು. ಇಲ್ಲಿ ಗ್ಯಾಲರಿಯಲ್ಲಿ ಆಗುವ ಮಾತುಕತೆ ಅಲ್ಲಿ ಆಗುವುದು ಡ್ರೈವ್‌ವೇಯಲ್ಲಿ. ಸಂಜೆ ಹೆಂಡತಿ, ಮಗಳ ಜೊತೆ ಹತ್ತು ನಿಮಿಷ ಹೊರಗೆ ನಿಲ್ಲು.

ದೀಪಾವಳಿಗೆ ರಂಗೋಲಿ ಹಾಕುವುದಾದರೆ ಬಾಗಿಲ ಹತ್ತಿರದ ಮೂಲೆಯಲ್ಲಿ ಹಾಕಿ, ಅಲ್ಲಿಗೆ ಚಕ್ರ ಬರುವುದಿಲ್ಲ.