ಆಶ್‌ಕಾಶ್‌ಗೆ ಶನಿವಾರ ಮಧ್ಯಾಹ್ನ ಹೋಗಿ ಬರುವವರಿಗೆ

ಸರ್, ಅಮೆರಿಕದ ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಿಮಾನ ಮೇಳ ಏರ್‌ವೆಂಚರ್‌ಗೆ ಹೋಗುವ ಬಗ್ಗೆ ನಮ್ಮ ಗುಂಪಿನಲ್ಲಿ ನೀವು ಹಾಕಿದ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ‘ಶನಿವಾರ ಮಧ್ಯಾಹ್ನ ತಲುಪಿ, ಏರ್ ಶೋ ನೋಡಿ, ರಾತ್ರಿಯೇ ವಾಪಸ್’ ಅಂತ ಬರೆದಿದ್ದೀರಿ. ಮೊದಲ ಸಲ ಏರ್‌ವೆಂಚರ್‌ಗೆ ಹೋದಾಗ ನಾನೂ ಇದನ್ನೇ ಮಾಡಿದ್ದೆ. ಇನ್ನೂ ಸಮಯ ಇದೆ, ದಯವಿಟ್ಟು ಬದಲಾಯಿಸಿ.

ಅವತ್ತು ನನಗೆ ನೋಡಬೇಕಿದ್ದದ್ದು ಒಂದು ಲಾಂಗ್-ಈಝಿ, ಎಂಜಿನ್ ಹಿಂದೆ ಇರುವ, ನಕ್ಷೆ ನೋಡಿ ಮನೆಯಲ್ಲೇ ಕಟ್ಟುವ ಪುಟ್ಟ ವಿಮಾನ. ನಕ್ಷೆಗಳನ್ನು ವರ್ಷಗಟ್ಟಲೆ ತಿರುವಿ ಹಾಕಿದ್ದೆ, ವಿಮಾನವನ್ನು ಹತ್ತಿರದಿಂದ ಕಂಡಿರಲಿಲ್ಲ. ಆದರೆ ಗೇಟ್ ದಾಟಿದ ಕೂಡಲೇ ರನ್‌ವೇ ಪಕ್ಕ ಜಾಗ ಹಿಡಿಯುವ ಆತುರ. ಕುರ್ಚಿ ಹಾಕಿ ಕೂತ ನಾವು ಶೋ ಮುಗಿಯುವವರೆಗೂ ಏಳಲಿಲ್ಲ, ಎದ್ದರೆ ಜಾಗ ಹೋಗುತ್ತದಲ್ಲ. ಆಮೇಲೆ ಹೋಮ್‌ಬಿಲ್ಟ್, ಅಂದರೆ ಮನೆಯಲ್ಲಿ ಕಟ್ಟಿದ ವಿಮಾನಗಳ ಸಾಲುಗಳ ಕಡೆ ನಡೆದರೆ ಎಷ್ಟೋ ಕಡೆ ಬರೀ ಹುಲ್ಲು. ಚಕ್ರ ನಿಂತ ಗುರುತು, ಗೂಟ ಕಿತ್ತ ತೂತು, ಅಷ್ಟೇ. ವಾರಾಂತ್ಯದ ಹೊತ್ತಿಗೆ ಬಹಳ ಜನ ಹೊರಟುಬಿಟ್ಟಿರುತ್ತಾರೆ, ಅದು ನನಗೆ ಗೊತ್ತಿರಲಿಲ್ಲ. ತುದಿಯಲ್ಲಿ ಒಂದು ಲಾಂಗ್-ಈಝಿ ಮೂಗು ನೆಲಕ್ಕೆ ಊರಿಕೊಂಡು ನಿಂತಿತ್ತು. ‘ಮುರಿದಿದೆಯಾ ಅಪ್ಪ?’ ಅಂದಳು ಮಗಳು. ಎಂಜಿನ್ ಹಿಂದೆ ಇರುವುದರಿಂದ ಪೈಲಟ್ ಇಳಿದರೆ ಅದು ಹಿಂದಕ್ಕೆ ವಾಲುತ್ತದೆ, ಅದಕ್ಕೇ ಮುಂದಿನ ಚಕ್ರ ಮಡಚಿ ಮಂಡಿಯೂರಿಸುತ್ತಾರೆ ಅಂತ ಹೇಳಿದೆ. ಆ ವಿಮಾನ ಕಟ್ಟಿದವರು ಪಕ್ಕದಲ್ಲೇ ಹೊರಡಲು ಸಾಮಾನು ಕಟ್ಟುತ್ತಿದ್ದರು. ಕನಾರ್ಡ್, ಅಂದರೆ ಮೂಗಿನ ಹತ್ತಿರದ ಸಣ್ಣ ರೆಕ್ಕೆ, ಹೇಗೆ ಕೂರಿಸಿದಿರಿ ಅಂತ ಕೇಳಿದೆ. ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಹತ್ತು ನಿಮಿಷ ಹೇಳಿದರು. ಆಮೇಲೆ, ‘ಸೋಮವಾರದಿಂದ ಇಲ್ಲೇ ರೆಕ್ಕೆ ಕೆಳಗೆ ಕೂತಿದ್ದೆ, ಆಗ ಬಂದಿದ್ದರೆ ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ತೋರಿಸುತ್ತಿದ್ದೆ’ ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ಏರ್ ಶೋ ಚೆನ್ನಾಗಿಲ್ಲ ಅಂತ ಅಲ್ಲ. ಬುಧವಾರ ಮತ್ತು ಶನಿವಾರದ ರಾತ್ರಿ ಶೋ ನೋಡಲೇಬೇಕಾದದ್ದು. ಆದರೆ ಏರ್ ಶೋ ಬೇರೆ ಕಡೆಯೂ ಸಿಗುತ್ತದೆ. ಹತ್ತು ಸಾವಿರದಷ್ಟು ವಿಮಾನ ಒಂದು ವಾರದಲ್ಲಿ ಬಂದು ಹೋಗುವುದು, ಅವನ್ನು ತಂದವರು ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ನಿಮ್ಮ ಪ್ರಶ್ನೆಗೆ ಕಾಯುವುದು, ಇದು ಬೇರೆಲ್ಲಿ ಸಿಗುತ್ತದೆ? 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಈ ಮೇಳ ನಡೆಸುವ ಸಂಘ ಇಎಎ ಶುರು ಮಾಡಿದ್ದೇ ಮನೆಯಲ್ಲಿ ವಿಮಾನ ಕಟ್ಟುವವರನ್ನು ಒಂದು ಕಡೆ ಸೇರಿಸಲು. ಮೇಳ 1970ರಲ್ಲಿ ಆಶ್‌ಕಾಶ್‌ಗೆ ಬಂದ ಮೇಲೂ ಅದರ ಜೀವ ಇರುವುದು ಅಲ್ಲೇ, ಆ ಹುಲ್ಲಿನ ಸಾಲುಗಳಲ್ಲೇ.

ಹಾಗಾಗಿ ಸೋಮವಾರದಿಂದ ಬುಧವಾರದೊಳಗೆ ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮೊದಲು ಸಾಲುಗಳನ್ನು ಸುತ್ತಿ. ಮಾಲೀಕರು ಕಾಫಿ ಕುಡಿಯುತ್ತಾ ಕೂತಿರುತ್ತಾರೆ, ಮಾತಿಗೆ ಸಿಗುತ್ತಾರೆ. ‘ಎಷ್ಟು ಖರ್ಚಾಯ್ತು’ ಅಂತ ಶುರು ಮಾಡಬೇಡಿ. ‘ಯಾವ ಕೆಲಸ ಎರಡು ಸಲ ಮಾಡಬೇಕಾಯ್ತು’ ಅಂತ ಕೇಳಿ ನೋಡಿ, ಅರ್ಧ ಗಂಟೆ ಬಿಡುವುದಿಲ್ಲ. ಆರ್‌ವಿ (ವ್ಯಾನ್ಸ್ ಕಂಪನಿಯ ಕಿಟ್ ವಿಮಾನ) ಕಟ್ಟುವ ಯೋಚನೆ ಇದ್ದರೆ ಒಂದನ್ನೇ ನೋಡಿ ಬರಬೇಡಿ. ಒಂದೇ ಮಾದರಿಯ ಹತ್ತು ವಿಮಾನಗಳ ಎಂಜಿನ್ ಬ್ಯಾಫಲ್ (ಎಂಜಿನ್‌ಗೆ ತಂಪು ಗಾಳಿ ತಿರುಗಿಸುವ ತಗಡು) ಮತ್ತು ವೈರಿಂಗ್ ನೋಡಿ. ನನ್ನ ಮಟ್ಟಿಗೆ ಮೊದಲ ಸಲ ಕಟ್ಟುವವರಿಗೆ ವ್ಯಾನ್ಸ್ ಕಿಟ್‌ಗಿಂತ ಸುಲಭದ ದಾರಿ ಇಲ್ಲ. ಒಪ್ಪದವರು ಗುಂಪಿನಲ್ಲೇ ಇದ್ದಾರೆ, ಇರಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೇಳದೆ ಯಾವ ವಿಮಾನವನ್ನೂ ಮುಟ್ಟಬೇಡಿ. ಬೆನ್ನಿನ ಬ್ಯಾಗ್ ಬಕಲ್, ಕೊರಳಲ್ಲಿ ನೇತಾಡುವ ಕ್ಯಾಮೆರಾ ಪೇಂಟ್ ಗೀಚುತ್ತವೆ, ಬಟ್ಟೆ ಹೊದಿಸಿದ ರೆಕ್ಕೆಯಾದರೆ ತೂತೇ ಬೀಳಬಹುದು. ಫೋಟೋಗೆ ಅಂತ ಪ್ರೊಪೆಲ್ಲರ್ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಗ್ರೌಂಡ್ ವೈರ್ ಕಿತ್ತುಹೋಗಿದ್ದರೆ, ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ತಿರುಗಿದಾಗ ಎಂಜಿನ್ ಹೊತ್ತಿಕೊಂಡು ತಿರುಗಬಹುದು. ಮಕ್ಕಳಿಗೆ ಮೊದಲೇ ಹೇಳಿಕೊಟ್ಟು ಕರೆದುಕೊಂಡು ಹೋಗಿ.

ಪೈಲಟ್ ಮತ್ತು ಕಂಟ್ರೋಲರ್ ಮಾತು ಕೇಳಿಸುವ ಏರ್‌ಬ್ಯಾಂಡ್ ರೇಡಿಯೋ ಇದ್ದರೆ ತಪ್ಪದೆ ಒಯ್ಯಿರಿ. ನನ್ನ ಹತ್ತಿರ ಇರುವುದು ಐಕಾಮ್ ಕಂಪನಿಯದು, ವರ್ಷಗಳಿಂದ ಏನೂ ತೊಂದರೆ ಕೊಟ್ಟಿಲ್ಲ. ಕೆಲವರು ಅಗ್ಗದ ಹ್ಯಾಮ್ (ಹವ್ಯಾಸಿ) ರೇಡಿಯೋ ತಂದು ಏನೂ ಕೇಳಿಸಲಿಲ್ಲ ಅನ್ನುತ್ತಾರೆ. ವಿಮಾನದ ಮಾತು ಎಎಂ, ಅಂಥ ಎಷ್ಟೋ ಸೆಟ್‌ಗಳು ಬರೀ ಎಫ್‌ಎಂ, ಎಲ್ಲಿಂದ ಕೇಳಿಸಬೇಕು? ಫ್ರೀಕ್ವೆನ್ಸಿಗಳನ್ನು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಆ ವರ್ಷ ಹೊರಡಿಸುವ ನೋಟಿಸ್‌ನಿಂದಲೇ ಬರೆದುಕೊಳ್ಳಿ, ಹಳೆಯದನ್ನು ನಂಬಬೇಡಿ. ಅದನ್ನು ಪೂರ್ತಿ ಓದಿದರೆ ನೋಡುವ ರುಚಿಯೇ ಬೇರೆ. ಹತ್ತಿರದ ಊರುಗಳಾದ ರಿಪನ್‌ನಿಂದ ಫಿಸ್ಕ್‌ವರೆಗೆ ರೈಲು ಹಳಿ ಹಿಡಿದು, ಅರ್ಧ ಮೈಲಿ ಅಂತರದಲ್ಲಿ, 1,800 ಅಡಿಯಲ್ಲಿ 90 ನಾಟ್‌ಗೆ (ಗಂಟೆಗೆ ಸುಮಾರು 167 ಕಿ.ಮೀ.) ವಿಮಾನಗಳು ಒಂದರ ಹಿಂದೆ ಒಂದು ಬರುತ್ತವೆ. ಆ ವೇಗಕ್ಕೆ ಇಳಿಯಲಾಗದವು 2,300 ಅಡಿಯಲ್ಲಿ 135 ನಾಟ್. ಕಂಟ್ರೋಲರ್ ನೋಂದಣಿ ಸಂಖ್ಯೆ ಕೇಳುವುದಿಲ್ಲ. ಬಣ್ಣ ಮತ್ತು ಮಾದರಿ ಹೇಳಿ ರೆಕ್ಕೆ ಅಲ್ಲಾಡಿಸಲು ಹೇಳುತ್ತಾರೆ, ಪೈಲಟ್ ಅಲ್ಲಾಡಿಸಿದರೆ ಅದೇ ಉತ್ತರ. ರನ್‌ವೇ ಮೇಲೆ ಬಣ್ಣದ ದೊಡ್ಡ ಚುಕ್ಕೆಗಳಿವೆ. ಒಂದು ವಿಮಾನಕ್ಕೆ ಹಸಿರು ಚುಕ್ಕೆ, ಹಿಂದಿನದಕ್ಕೆ ಕಿತ್ತಳೆ ಅಂತ ಹಂಚಿ, ಒಂದೇ ರನ್‌ವೇ ಮೇಲೆ ಹೆಚ್ಚುಕಮ್ಮಿ ಒಟ್ಟಿಗೇ ಇಳಿಸುತ್ತಾರೆ. ಪ್ರದರ್ಶನ ಶುರುವಾಗುವ ಹಿಂದಿನ ಭಾನುವಾರ ಇದನ್ನು ಗಂಟೆಗಟ್ಟಲೆ ನೋಡಿದ್ದೇನೆ, ಬೇಸರ ಅನ್ನುವುದೇ ಬರಲಿಲ್ಲ. ಮಧ್ಯಾಹ್ನದ ಶೋ ಹೊತ್ತಿಗೆ ಇದೆಲ್ಲ ಬಂದ್, ನೆನಪಿರಲಿ.

ಹೋಟೆಲ್ ದೂರ ಸಿಕ್ಕಿದೆ ಅಂದಿರಿ. ಆಗುವುದಾದರೆ ಮೇಳದ ಪಕ್ಕದ ಟೆಂಟ್ ಮೈದಾನ ಕ್ಯಾಂಪ್ ಸ್ಕೋಲರ್‌ನಲ್ಲಿ ಟೆಂಟ್ ಹಾಕಿ. ಆದರೆ ಜುಲೈ ಕೊನೆಯ ವಾರ, ವಿಸ್ಕಾನ್ಸಿನ್‌ನ ಗುಡುಗು ಮಳೆ ಹಗುರಲ್ಲ. 2010ರಲ್ಲಿ ಮಳೆ ಹೆಚ್ಚಾಗಿ ಹುಲ್ಲುಗಾವಲು ಕೆಸರಾಗಿ ಎಷ್ಟೋ ವಿಮಾನಗಳಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ಟೆಂಟ್ ಜೊತೆ ಕೊಡುವ ಸಣ್ಣ ತಂತಿ ಗೂಟ ಸಾಲದು, ಉದ್ದನೆಯ ಕಬ್ಬಿಣದ ಗೂಟ ತಗೊಳ್ಳಿ. ಹೊಸ ಶೂ ಹಾಕಿಕೊಂಡು ಹೋಗಬೇಡಿ, ದಿನಕ್ಕೆ ಮೈಲಿಗಟ್ಟಲೆ ನಡಿಗೆ ಇದೆ.

ಮೇಳದ ಶೀಟ್ ಮೆಟಲ್ ವರ್ಕ್‌ಶಾಪ್‌ನಲ್ಲಿ ಕೂತು ತಗಡು ಜೋಡಿಸುವ ನಾಲ್ಕು ರಿವೆಟ್ ಹೊಡೆದು ಬನ್ನಿ. ಕಾಲು ಸೋತ ದಿನ ಬಸ್ಸಿನಲ್ಲಿ ವಿನ್ನೆಬಾಗೋ ಕೆರೆ ದಂಡೆಯ ಸೀಪ್ಲೇನ್ ಬೇಸ್‌ಗೆ (ನೀರಿನ ಮೇಲೆ ಇಳಿಯುವ ವಿಮಾನಗಳ ತಾಣ) ಹೋಗಿ, ಮರದ ನೆರಳು, ಗಲಾಟೆ ಕಮ್ಮಿ. ಈಚಿನ ವರ್ಷಗಳಲ್ಲಿ 18 ಮತ್ತು ಅದಕ್ಕಿಂತ ಚಿಕ್ಕವರಿಗೆ ಪ್ರವೇಶ ಉಚಿತ ಇತ್ತು, ಈ ಸಲದ್ದು ನೋಡಿಕೊಂಡು ಟಿಕೆಟ್ ತಗೊಳ್ಳಿ. ಶನಿವಾರದ ಟಿಕೆಟ್ ಆಗಲೇ ತಗೊಂಡಿದ್ದರೆ ಬೆಳಿಗ್ಗೆ ಗೇಟ್ ತೆರೆಯುವ ಹೊತ್ತಿಗೇ ಒಳಗಿರಿ. ಕುರ್ಚಿ ಆಮೇಲೆ, ಮೊದಲು ಹೋಮ್‌ಬಿಲ್ಟ್ ಕಡೆ ನಡೆಯಿರಿ.