ಒಂದೇ ದಪ್ಪ ಜಾಕೆಟ್ ಸಾಕಾ?

6,000 ಮೀಟರ್ ದಾಟಿದ ಶಿಖರಕ್ಕೆ ಒಂದೇ ದಪ್ಪ ಡೌನ್ ಜಾಕೆಟ್ (ಹಕ್ಕಿಯ ಮೃದು ಪುಕ್ಕ ತುಂಬಿದ್ದು) ಸಾಕಾ, ಬೂಟಿನೊಳಗೆ ಎರಡು ಜೊತೆ ಸಾಕ್ಸ್ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಹತ್ತುವಾಗ ಮೈ ಬಿಸಿಯಾಗುತ್ತದೆ, ದಪ್ಪ ಜಾಕೆಟ್ಟಿನೊಳಗೆ ಬೆವರು ಇಳಿಯುತ್ತದೆ. ನಿಂತ ಕೂಡಲೇ ಆ ಒದ್ದೆ ಬಟ್ಟೆಯೇ ಮೈ ಕೊರೆಯುತ್ತದೆ. ಡೌನ್ ಒದ್ದೆಯಾದರಂತೂ ಮುದ್ದೆಗಟ್ಟಿ ಬರೀ ಭಾರ. ಅದಕ್ಕೇ ಒಳಗೆ ಮೆರಿನೋ ಉಣ್ಣೆ, ಮೇಲೆ ತೆಳು ಫ್ಲೀಸ್ (ಉಣ್ಣೆಯಂಥ ಸಿಂಥೆಟಿಕ್ ಬಟ್ಟೆ), ಹೊರಗೆ ಗಾಳಿ ತಡೆಯುವ ಶೆಲ್, ಅಂದರೆ ಹೊರಪದರದ ಜಾಕೆಟ್. ಹತ್ತಿ ಬಟ್ಟೆ ಬೇಡ, ಒಳಉಡುಪು ಕೂಡ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿದೆ ಅಂತಲೇ ಅರ್ಥ. ಡೌನ್ ಜಾಕೆಟ್ ನಿಂತಾಗ ಎಲ್ಲದರ ಮೇಲೆ ಹಾಕಿಕೊಳ್ಳೋಕೆ, ಹಾಗಾಗಿ ಒಂದು ಸೈಜ್ ದೊಡ್ಡದೇ ತಗೊಳ್ಳಿ. ಶೆಲ್‌ನಲ್ಲಿ ಮಾತ್ರ ಜುಗ್ಗತನ ಬೇಡ: ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 33ರಷ್ಟು ಚಳಿ.

ಇನ್ನು ಕಾಲು. ನನಗೆ ಜಾಸ್ತಿ ಚಿಂತೆ ಇದರದ್ದೇ. ಎರಡು ಸಾಕ್ಸ್ ತುರುಕಿದರೆ ಬೂಟು ಬಿಗಿಯಾಗಿ ರಕ್ತ ಓಡಾಟ ಕಡಿಮೆಯಾಗುತ್ತದೆ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ದಪ್ಪ ಉಣ್ಣೆ ಸಾಕ್ಸ್, ಒಳಬೂಟು ಬಿಚ್ಚಲು ಬರುವ ಡಬಲ್ ಬೂಟ್ ಸಾಕು. ರಾತ್ರಿ ಒಳಬೂಟನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಹೊರಗೆ ಬಿಟ್ಟರೆ ಬೆಳಿಗ್ಗೆ ಬೆವರು ಹೆಪ್ಪುಗಟ್ಟಿರುತ್ತದೆ.

ಕೈಗೆ ತೆಳು ಗ್ಲೌಸ್ ಮೇಲೆ ಮಿಟನ್ (ಹೆಬ್ಬೆರಳು ಬಿಟ್ಟು ಉಳಿದ ಬೆರಳು ಒಟ್ಟಿಗೇ ಇರುವ ಕೈಚೀಲ). ದಾರ ಕಟ್ಟಿ ಮಣಿಕಟ್ಟಿಗೆ ಸಿಕ್ಕಿಸಿ, ಗಾಳಿಗೆ ಹಾರಿದರೆ ಮತ್ತೆ ಸಿಗಲ್ಲ. ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ.

ಬೂಟು ಬಾಡಿಗೆಗೆ ತರೋದಾದರೆ ಸಂಜೆ ಹೊತ್ತು ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ.