ಮನೆಯ ವ್ಯಾಯಾಮಕ್ಕೆ ಮೊದಲ ತೂಕದ ಸೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೀಗ 34 ವರ್ಷ. ನಡಿಗೆಯೊಂದನ್ನು ಬಿಟ್ಟರೆ ಬೇರೆ ವ್ಯಾಯಾಮ ಮಾಡಿ ಅಭ್ಯಾಸವಿಲ್ಲ. ಮನೆಯಲ್ಲೇ ತೂಕ ಎತ್ತುವ ಅಭ್ಯಾಸ ಆರಂಭಿಸಬೇಕೆಂದಿದ್ದೇನೆ. 5 ಕಿಲೋಗ್ರಾಂನ ಒಂದು ಜೊತೆ ಡಂಬೆಲ್, ಬಿಲ್ಲೆಗಳನ್ನು ಬದಲಿಸಬಹುದಾದ 20 ಕಿಲೋಗ್ರಾಂನ ಡಂಬೆಲ್ ಸೆಟ್, ಎರಡೂ ಕೈಗಳಿಂದ ಎತ್ತುವ ಉದ್ದ ಸರಳಿನ 50 ಕಿಲೋಗ್ರಾಂನ ಬಾರ್ಬೆಲ್ ಸೆಟ್ ಈ ಮೂರರ ನಡುವೆ ಗೊಂದಲದಲ್ಲಿದ್ದೇನೆ. ಯಾವುದನ್ನು ಕೊಳ್ಳುವುದು ಸೂಕ್ತ?

ಉತ್ತರ: ನೀವು ಮೂರನ್ನೂ ಅವುಗಳ ಒಟ್ಟು ತೂಕದಿಂದ ಗುರುತಿಸಿದ್ದೀರಿ. ಮಾರುವವರೂ ಹಾಗೆಯೇ ಗುರುತಿಸುತ್ತಾರೆ. ಆದರೆ ಕೊಳ್ಳುವವರಿಗೆ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಅಂಕಿ ಅದೇ. ಒಂದು ಸೆಟ್‌ನಿಂದ ಎಷ್ಟು ಬೇರೆ ಬೇರೆ ತೂಕಗಳನ್ನು ಕಟ್ಟಬಹುದು, ಒಂದು ತೂಕಕ್ಕೂ ಮುಂದಿನ ತೂಕಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಮೊದಲು ಕೇಳಿ.

ಕಾರಣ ಸರಳ. ದೇಹದ ಎಲ್ಲ ಸ್ನಾಯುಗಳಿಗೂ ಒಂದೇ ಬಲವಿರುವುದಿಲ್ಲ. ತೋಳುಗಳನ್ನು ಪಕ್ಕಕ್ಕೆ ಚಾಚಿ ಭುಜದ ಮಟ್ಟಕ್ಕೆ ಎತ್ತುವ ವ್ಯಾಯಾಮದಲ್ಲಿ 3 ಕಿಲೋ ಹಿಡಿದು ಸುಸ್ತಾಗುವ ವ್ಯಕ್ತಿಯೇ, ಮುಂದಕ್ಕೆ ಬಾಗಿ ಡಂಬೆಲ್ಲನ್ನು ಸೊಂಟದತ್ತ ಎಳೆಯುವಾಗ 8 ಅಥವಾ 10 ಕಿಲೋವನ್ನು ನಿಭಾಯಿಸಬಲ್ಲರು; ಎದೆಗೆ ತೂಕವೊಂದನ್ನು ಒತ್ತಿ ಹಿಡಿದು ಬಸ್ಕಿ ಹೊಡೆಯುವಾಗ ಅದಕ್ಕಿಂತಲೂ ಹೆಚ್ಚಿನದನ್ನು ಹೊರಬಲ್ಲರು. ಹೀಗಿರುವಾಗ 5 ಕಿಲೋಗ್ರಾಂನ ಒಂದೇ ಜೊತೆ ಡಂಬೆಲ್ ಭುಜಕ್ಕೆ ಮೊದಲ ದಿನವೇ ಭಾರವಾಗುತ್ತದೆ, ಕಾಲುಗಳಿಗೆ ಕೆಲವೇ ವಾರಗಳಲ್ಲಿ ಹಗುರವಾಗುತ್ತದೆ. ಆದ್ದರಿಂದ ಮೊದಲ ಆಯ್ಕೆಯನ್ನು ಕೈಬಿಡಿ.

ಎರಡನೆಯ ಕಾರಣ ಬಲ ಬೆಳೆಯುವ ಬಗೆಗೆ ಸಂಬಂಧಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಭಾರವನ್ನು ಕ್ರಮಕ್ರಮವಾಗಿ ಏರಿಸುತ್ತ ಹೋಗುವ ವಿಧಾನವನ್ನು 1945ರಲ್ಲಿ ಪ್ರಕಟಿಸಿದರು. ಇಂದಿಗೂ ತೂಕದ ವ್ಯಾಯಾಮ ನಿಂತಿರುವುದು ಆ ತತ್ತ್ವದ ಮೇಲೆಯೇ. ಗುರಿಯಿಟ್ಟುಕೊಂಡ ಎಣಿಕೆಗಿಂತ ಒಂದೆರಡು ಸಲ ಹೆಚ್ಚು ಎತ್ತಲು ಸಾಧ್ಯವಾದಾಗ ಭಾರವನ್ನು ಶೇ. 2ರಿಂದ 10ರಷ್ಟು ಹೆಚ್ಚಿಸಬಹುದೆಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಈಗ 5 ಕಿಲೋದಿಂದ 7.5 ಕಿಲೋಗೆ ಹೋಗುವುದನ್ನು ಯೋಚಿಸಿ: ಅದು ಶೇ. 50ರ ಜಿಗಿತ. ಹೊಸಬರು ಅನೇಕ ವೇಳೆ ಇಲ್ಲಿಯೇ ಸಿಕ್ಕಿಹಾಕಿಕೊಂಡು, ತಮ್ಮ ಮೈಯಲ್ಲಿ ಬಲವಿಲ್ಲವೆಂದು ಭಾವಿಸಿ ಸೆಟ್ಟನ್ನು ಮಂಚದಡಿಗೆ ತಳ್ಳುತ್ತಾರೆ. ಕೊರತೆಯಿರುವುದು ಮೈಯಲ್ಲಲ್ಲ, ಬಿಲ್ಲೆಗಳಲ್ಲಿ.

20 ಕಿಲೋಗ್ರಾಂನ ಎರಡು ಸೆಟ್‌ಗಳನ್ನು ಹೋಲಿಸೋಣ. ಎರಡರಲ್ಲೂ ತಲಾ 2 ಕಿಲೋ ತೂಗುವ ಎರಡು ಸರಳುಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ 2 ಕಿಲೋಗ್ರಾಂನ ಎಂಟು ಬಿಲ್ಲೆಗಳಿವೆ. ಸರಳಿನ ಎರಡೂ ಬದಿಗೆ ಸಮನಾಗಿ ಹಾಕಬೇಕಾದ್ದರಿಂದ ಒಂದೊಂದು ಕೈಗೆ ಸಿಗುವುದು 2, 6, 10 ಕಿಲೋ, ಅಂದರೆ ಮೂರೇ ತೂಕಗಳು. ಎರಡನೆಯದರಲ್ಲಿ 2.5 ಕಿಲೋ, 1 ಕಿಲೋ, ಅರ್ಧ ಕಿಲೋ ಹೀಗೆ ಒಂದೊಂದು ಅಳತೆಯ ನಾಲ್ಕು ನಾಲ್ಕು ಬಿಲ್ಲೆಗಳಿವೆ. ಒಟ್ಟು ತೂಕ ಅಷ್ಟೇ 20 ಕಿಲೋ. ಆದರೆ ಒಂದೊಂದು ಕೈಗೆ 2, 3, 4, 5, 7, 8, 9, 10 ಕಿಲೋಗಳ ಎಂಟು ತೂಕಗಳು ದೊರೆಯುತ್ತವೆ. ನಡುವೆ 6 ಕಿಲೋ ಇಲ್ಲದಿರುವುದು ನಿಜ, ಮತ್ತು ಕೆಳಗಿನ ತೂಕಗಳಲ್ಲಿ 1 ಕಿಲೋ ಏರಿಕೆಯೂ ಶೇ. 10ಕ್ಕಿಂತ ಹೆಚ್ಚೇ, ಆ ಅಂತರವನ್ನು ಎಣಿಕೆಯಿಂದ ತುಂಬಿಕೊಳ್ಳಬೇಕು. 8 ಸಲ ಎತ್ತುತ್ತಿದ್ದ ತೂಕವನ್ನು 12ರಿಂದ 15 ಸಲ ಎತ್ತುವಂತಾದ ಮೇಲೆ ಮುಂದಿನ ತೂಕಕ್ಕೆ ಹೋಗಿ, ಮತ್ತೆ 8ರಿಂದ ಆರಂಭಿಸಿದರಾಯಿತು.

ಹಾಗಾಗಿ ನನ್ನ ಸಲಹೆ ಎರಡನೆಯ ಆಯ್ಕೆಯೇ. ಆದರೆ ಸಣ್ಣ ಬಿಲ್ಲೆಗಳಿದ್ದರೆ ಮಾತ್ರ, ಇಲ್ಲವೇ ಅವನ್ನು ಬಿಡಿಯಾಗಿ ಸೇರಿಸಿಕೊಳ್ಳಲು ಸಾಧ್ಯವಿದ್ದರೆ ಮಾತ್ರ. ಸರಳಿನ ಉದ್ದವನ್ನೂ ಗಮನಿಸಿ. ಹನ್ನೆರಡು ಬಿಲ್ಲೆಗಳೂ ಒಂದೇ ಸರಳಿನಲ್ಲಿ ಕುಳಿತು, ಅದರ ಮೇಲೆ ನಟ್ ಪೂರ್ತಿ ತಿರುಗುವಷ್ಟು ಜಾಗವಿದ್ದರೆ ಬಸ್ಕಿಗೆ 18 ಕಿಲೋದ ಒಂದು ಡಂಬೆಲ್ ಕಟ್ಟಬಹುದು. ಗಿಡ್ಡ ಸರಳಿನಲ್ಲಿ ಇದು ಆಗದು.

ಬಾರ್ಬೆಲ್ ಕೆಟ್ಟದ್ದೇನಲ್ಲ. ಮುಂದೆ ಕಾಲು, ಸೊಂಟ, ಬೆನ್ನುಗಳಿಗೆ ಹೆಚ್ಚಿನ ಭಾರ ಬೇಕಾದಾಗ ಅದಕ್ಕೆ ಸಮನಾದ ಸಾಧನವಿಲ್ಲ. ಆದರೆ ಸ್ಪರ್ಧೆಯ ಅಳತೆಯ ಪುರುಷರ ಸರಳು 2.2 ಮೀಟರ್ ಉದ್ದವಿದ್ದು 20 ಕಿಲೋ ತೂಗುತ್ತದೆ; ಮಹಿಳೆಯರದು 2.01 ಮೀಟರ್ ಉದ್ದ, 15 ಕಿಲೋ ತೂಕ. ಇವುಗಳ ತುದಿಗೆ 50 ಮಿ.ಮೀ. ರಂಧ್ರದ ಬಿಲ್ಲೆಗಳು ಬೇಕು. ಮನೆಬಳಕೆಯ ಅಗ್ಗದ ಸೆಟ್‌ಗಳ ಸರಳುಗಳು ಇದಕ್ಕಿಂತ ಬಹಳ ತೆಳ್ಳಗಿದ್ದು, ಅವುಗಳ ಬಿಲ್ಲೆಗಳ ರಂಧ್ರ 25ರಿಂದ 30 ಮಿ.ಮೀ. ಇರುತ್ತದೆ. ಆದ್ದರಿಂದ ಇಂದು ಕೊಂಡ ಬಿಲ್ಲೆ ನಾಳೆಯ ದೊಡ್ಡ ಸರಳಿಗೆ ಹೊಂದುವುದಿಲ್ಲ. ಬಿಡಿ ಬಿಲ್ಲೆ ಕೊಳ್ಳುವ ಮುನ್ನ ರಂಧ್ರವನ್ನು ಅಳೆದು ನೋಡಿ. ಇನ್ನೊಂದು ಮಾತು: ಭಾರವನ್ನು ತಡೆದು ಹಿಡಿಯುವ ಸ್ಟ್ಯಾಂಡ್ ಇಲ್ಲದೆ, ಜೊತೆಗೆ ಯಾರೂ ಇಲ್ಲದೆ, ಬೆಂಚಿನ ಮೇಲೆ ಮಲಗಿ ಬಾರ್ಬೆಲ್ ಎತ್ತಬೇಡಿ. ತೋಳು ಸೋತಾಗ ಸರಳು ಎದೆ ಅಥವಾ ಕುತ್ತಿಗೆಯ ಮೇಲೆಯೇ ಇಳಿಯುತ್ತದೆ. ಅದೇ ವ್ಯಾಯಾಮವನ್ನು ನೆಲದ ಮೇಲೆ ಮಲಗಿ ಡಂಬೆಲ್‌ಗಳಿಂದ ಮಾಡಿದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಸೋತರೆ ಪಕ್ಕಕ್ಕೆ ಇಳಿಸಬಹುದು.

ಪ್ರಶ್ನೆ: ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ ಬಿಲ್ಲೆಗಳು ಕಬ್ಬಿಣದವುಗಳಿಗಿಂತ ಅಗ್ಗವಾಗಿ ಸಿಗುತ್ತವೆ. ಕಿಲೋ ಎಂದರೆ ಕಿಲೋ ತಾನೆ?

ಉತ್ತರ: ತೂಕದ ಮಟ್ಟಿಗೆ ಹೌದು, ಗಾತ್ರದ ಮಟ್ಟಿಗೆ ಅಲ್ಲ. ಎರಕದ ಕಬ್ಬಿಣ ಕಾಂಕ್ರೀಟಿಗಿಂತ ಸುಮಾರು ಮೂರು ಪಟ್ಟು ಸಾಂದ್ರವಾಗಿರುವುದರಿಂದ ಸಿಮೆಂಟ್ ಬಿಲ್ಲೆ ಅಷ್ಟೇ ಪಾಲು ದಪ್ಪಗಿರುತ್ತದೆ, ಸರಳು ಬೇಗ ತುಂಬಿಹೋಗುತ್ತದೆ, ಕೈ ಇಳಿಸುವಾಗ ತೊಡೆಗೆ ತಾಗುತ್ತದೆ. ಹೊದಿಕೆ ಬಿರುಕು ಬಿಟ್ಟರೆ ಪುಡಿ ಉದುರುತ್ತದೆ. ಅಗ್ಗದ್ದನ್ನು ಕೊಂಡು ಮುಂದುವರಿಯುವ ಇಚ್ಛೆಯಿದೆಯೇ ಎಂದು ನೋಡುವುದಾದರೆ ತಪ್ಪಿಲ್ಲ, ಆದರೆ ಒಮ್ಮೆಗೇ ಕೊಳ್ಳುವುದಾದರೆ ಕಬ್ಬಿಣವೇ ಮೇಲು. ಯಾವುದನ್ನೇ ಕೊಂಡರೂ ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ. ಅಚ್ಚೊತ್ತಿದ ಅಂಕಿಗೂ ನಿಜವಾದ ತೂಕಕ್ಕೂ ಸ್ವಲ್ಪ ವ್ಯತ್ಯಾಸ ಇರುವುದುಂಟು, ಹತ್ತಿರದ ತೂಕದವನ್ನು ಜೋಡಿ ಮಾಡಿಕೊಂಡರೆ ಎರಡೂ ಕೈಗೆ ಸಮನಾಗುತ್ತದೆ.

ಪ್ರಶ್ನೆ: ಹಿಡಿಯ ಪಕ್ಕದ ಚಕ್ರವನ್ನು ತಿರುಗಿಸಿದರೆ ತೂಕ ಬದಲಾಗುವ ಡಂಬೆಲ್‌ಗಳು ಬಂದಿವೆಯಲ್ಲ?

ಉತ್ತರ: ಕ್ಷಣಾರ್ಧದಲ್ಲಿ ತೂಕ ಬದಲಿಸಬಹುದು, ಜಾಗವೂ ಉಳಿಯುತ್ತದೆ. ಆದರೆ ಒಳಗಿನ ಕೊಂಡಿಗಳು ನಾಜೂಕು. ನೆಲಕ್ಕೆ ಬೀಳಿಸಿದರೆ ಹಾಳಾಗಬಹುದು. ಮಕ್ಕಳು ಓಡಾಡುವ ಮನೆಯಾದರೆ ನಾನು ಇದನ್ನು ಆರಿಸುವುದಿಲ್ಲ.

ಪ್ರಶ್ನೆ: ಅದೇ ಸೆಟ್ಟನ್ನು 62 ವರ್ಷದ ನನ್ನ ತಾಯಿಯೂ ಬಳಸಬಹುದೇ? ಅವರಿಗೆ ರಕ್ತದೊತ್ತಡವಿದೆ.

ಉತ್ತರ: ವಯಸ್ಸು ಅಡ್ಡಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹಿರಿಯರೂ ಸೇರಿದಂತೆ ವಯಸ್ಕರೆಲ್ಲರಿಗೂ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಸೂಚಿಸುತ್ತದೆ. ಆದರೆ ಅವರ ವೈದ್ಯರನ್ನು ಕೇಳಿಯೇ ಆರಂಭಿಸಿ. ಉಸಿರು ಬಿಗಿಹಿಡಿದು ಎತ್ತಿದಾಗ ರಕ್ತದೊತ್ತಡ ಥಟ್ಟನೆ ಏರುವುದರಿಂದ, ಎತ್ತುವಾಗ ಉಸಿರು ಬಿಡುವುದನ್ನು, ಇಳಿಸುವಾಗ ಒಳಗೆಳೆದುಕೊಳ್ಳುವುದನ್ನು ಅವರಿಗೆ ಖಾಲಿ ಸರಳಿನಿಂದಲೇ ರೂಢಿ ಮಾಡಿಸಿ. ಅರ್ಧ ಕಿಲೋದ ಬಿಲ್ಲೆಗಳ ನಿಜವಾದ ಬೆಲೆ ತಿಳಿಯುವುದು ಇಂಥ ಸಂದರ್ಭದಲ್ಲಿ.

ಪ್ರಶ್ನೆ: ಬಳಸಿದ ಸೆಟ್ ಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಕಬ್ಬಿಣದ ಬಿಲ್ಲೆಗೆ ಹಿಡಿದ ಮೇಲ್ಪದರದ ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆಯಬಹುದು, ಅದರಿಂದ ತೂಕವೇನೂ ಕಡಿಮೆಯಾಗದು. ಪರೀಕ್ಷಿಸಬೇಕಾದದ್ದು ಸರಳನ್ನು ಮತ್ತು ನಟ್‌ಗಳನ್ನು. ಸರಳನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿ, ಬಾಗಿದ್ದರೆ ಕುಪ್ಪಳಿಸುತ್ತದೆ. ನಟ್ಟನ್ನು ತುದಿಯಿಂದ ಕೊನೆಯವರೆಗೆ ತಿರುಗಿಸಿ, ಒಳಗಿನ ರಬ್ಬರ್ ಉಂಗುರ ಇದೆಯೇ ನೋಡಿ. ಆ ಉಂಗುರ ಸವೆದಿದ್ದರೆ ನಟ್ ವ್ಯಾಯಾಮದ ನಡುವೆಯೇ ಸಡಿಲವಾಗುತ್ತದೆ, ತಲೆಯ ಮೇಲೆ ಎತ್ತಿದಾಗ ಬಿಲ್ಲೆ ಜಾರಬಹುದು. ತಿರುಪಿನ ಎಳೆ ಸವೆದಿರುವ ಸರಳನ್ನು ಮಾರುವವರಿಗೇ ಬಿಟ್ಟು, ಬಿಲ್ಲೆಗಳನ್ನು ಮಾತ್ರ ತನ್ನಿ.